ಕಾಯುವ ಪಟ್ಟಿಯ ಡಾಕ್ಟ್ರಮ್ಮ

ದರ್ಜಿಯ ಹಿರಿಮಗಳು ಉಳಿದವರ ಹಾಗೆ ಬಿಡುವಿದ್ದಾಗ ಮಾತ್ರ ಹೊಟ್ಟೆಕಿಚ್ಚು ಪಡುವವಳಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಶುರು ಮಾಡಿ, ಮಧ್ಯಾಹ್ನ ಊಟಕ್ಕೆ ಹತ್ತು ನಿಮಿಷ ವಿರಾಮ ಕೊಟ್ಟು, ಸಂಜೆ ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಷಟರ್ ಎಳೆಯುವವರೆಗೆ ನಿಯತ್ತಾಗಿ ಪಡುತ್ತಿದ್ದಳು. ಭಾನುವಾರ ರಜೆ ಇರುತ್ತಿದ್ದುದು ಅಂಗಡಿಗೆ ಮಾತ್ರ.

ಮನೆಯಲ್ಲೂ ಬೀದಿಯಲ್ಲೂ ಅವಳನ್ನು ಎಲ್ಲರೂ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಆರು ವರ್ಷದವಳಿದ್ದಾಗ ಅಪ್ಪನ ಹಳೆಯ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಅಂಗಿ ಹೊಲಿಸಲು ಬಂದ ಗಿರಾಕಿಗಳ ಎದೆಗೆ ಅದರ ತುದಿಯಿಟ್ಟು, "ಜೋರಾಗಿ ಉಸಿರು ಎಳ್ಕೊಳ್ಳಿ" ಎಂದು ಅಪ್ಪಣೆ ಕೊಡಿಸುತ್ತಿದ್ದಳಂತೆ. ಗಿರಾಕಿಗಳು ಎಳೆದುಕೊಂಡರು. ಅಪ್ಪ ಅದೇ ಹೊತ್ತಿಗೆ ಎದೆಯ ಅಳತೆ ತೆಗೆದುಕೊಂಡದ್ದರಿಂದ, ಆ ವಾರ ಹೊಲಿದ ಅಂಗಿಗಳೆಲ್ಲ ಎರಡೆರಡು ಇಂಚು ದೊಡ್ಡವಾದವು. ನಷ್ಟವಾದರೂ ಅಪ್ಪ ಖುಷಿಪಟ್ಟ. ವೈದ್ಯಲೋಕಕ್ಕೆ ತನ್ನ ಮನೆಯಿಂದ ಒಬ್ಬಳು ಹೊರಟಿದ್ದಾಳೆ, ಅದಕ್ಕೆ ನಾಲ್ಕು ಜನರ ಅಂಗಿ ಸಡಿಲವಾದರೆ ಏನು ಮಹಾ.

ಹೊರಟವಳು ದಾರಿಯಲ್ಲೇ ನಿಂತಳು. ಮೆಡಿಕಲ್ ಪ್ರವೇಶ ಪರೀಕ್ಷೆ ಎಂಬ ಕೋಟೆಗೆ ಹದಿನೆಂಟನೇ ವಯಸ್ಸಿನಲ್ಲಿ ಮೊದಲ ದಂಡಯಾತ್ರೆ, ಹತ್ತೊಂಬತ್ತರಲ್ಲಿ ಎರಡನೆಯದು. ಎರಡರಲ್ಲೂ ಕೋಟೆಗೆ ಒಂದು ಗೀರೂ ಬೀಳಲಿಲ್ಲ. ಮೂರನೆಯ ಸಲ ಪರೀಕ್ಷಾ ಕೇಂದ್ರ ಪಕ್ಕದ ಊರಿಗೆ ಬಿತ್ತು. ಬಸ್ಸಿನಲ್ಲಿ ಒಬ್ಬಳೇ ಹೋಗಲು ಬೇಜಾರು. ಆಗ ಅವಳು ತನ್ನ ಜೀವನದ ಅತ್ಯಂತ ದೊಡ್ಡ ಎಡವಟ್ಟು ಮಾಡಿದಳು. ತಂಗಿಗೂ ಒಂದು ಅರ್ಜಿ ತುಂಬಿಸಿದಳು.

ತಂಗಿಯನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ಪುಟ್ಟಿಗೆ ಮೆಡಿಕಲ್ಲಿನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಆಗಷ್ಟೇ ಪಿಯುಸಿ ವಿಜ್ಞಾನ ಮುಗಿಸಿ, ಚಿತ್ರ ಬಿಡಿಸಿಕೊಂಡು ಹಾಯಾಗಿದ್ದ ಹುಡುಗಿ. "ಸುಮ್ನೆ ಜೊತೆಗೆ ಬಾ. ಅಲ್ಲಿ ಕೂತು ಏನಾದ್ರೂ ಗೀಚು" ಎಂದಿದ್ದಳು ಅಕ್ಕ. ಪುಟ್ಟಿ ಹೋದಳು, ಕೂತಳು, ಗೀಚಿದಳು. ಫಲಿತಾಂಶ ಬಂದಾಗ ಅಕ್ಕನಿಗೆ ಎಂದಿನಂತೆ ಏನೂ ಇಲ್ಲ. ಗೀಚಿದವಳಿಗೆ ಸೀಟು.

ಅವತ್ತು ಮನೆಯವರು ನಗಬೇಕೋ ಅಳಬೇಕೋ ತಿಳಿಯದೆ ಸರದಿಯ ಮೇಲೆ ಎರಡನ್ನೂ ಮಾಡಿದರು. ಇನ್ನೊಂದು ತೊಡಕೂ ಇತ್ತು. ಮೊದಲ ಪರೀಕ್ಷೆ ಮುಗಿದ ಸಂಜೆಯೇ ಅಪ್ಪ, ಮಗಳಿಗೆ ಧೈರ್ಯ ಬರಲಿ ಅಂತ, ಒಂದು ಬಿಳಿ ಕೋಟು ಹೊಲಿದಿಟ್ಟಿದ್ದ. ಮುಂದೆ ಮೈ ತುಂಬಿಕೊಂಡರೆ ಬಿಡಿಸಲು ಬರಲಿ ಎಂದು ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟು, ಗುಂಡಿಗಳಿಗೆ ಎರಡೆಳೆ ದಾರ ಹಾಕಿ ಹೊಲಿದ ಕೋಟು. ಈಗ ಅದನ್ನು ಪುಟ್ಟಿಯ ಅಳತೆಗೆ ಇಳಿಸಬೇಕು.

"ಸ್ವಲ್ಪ ಹಿಡ್ಕೋಮ್ಮ, ಹೊಲಿಗೆ ಬಿಚ್ತೀನಿ" ಎಂದ ಅಪ್ಪ.

ಡಾಕ್ಟ್ರಮ್ಮ ಕೋಟಿನ ಎರಡು ತೋಳು ಹಿಡಿದು ನಿಂತಳು. ಅಪ್ಪ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದ. ಆಮೇಲೆ ಪಕ್ಕದಲ್ಲಿ ಒಳಗೆ ಹಿಡಿದು ಹೊಲಿದ, ತೋಳು ಮಡಚಿದ, ಇಸ್ತ್ರಿ ಹಾಕಿದ. ಪುಟ್ಟಿ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿದಾಗ ಅಮ್ಮ, "ನಿಂಗೇ ಅಂತ ಹೊಲಿದ ಹಾಗಿದೆ ಕಣೆ" ಎಂದಳು. ಅಮ್ಮನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೂ ಹಿರಿಮಗಳು ಮೂರು ದಿನ ಅಮ್ಮನ ಕೈಯಿಂದ ಟೀ ತೆಗೆದುಕೊಳ್ಳಲಿಲ್ಲ. ತಾನೇ ಮಾಡಿಕೊಂಡು ಕುಡಿದಳು. ಅವಳು ಮಾಡಿದ ಟೀ ಚೆನ್ನಾಗಿರುತ್ತಿರಲಿಲ್ಲ. ಅದಕ್ಕೂ ಪುಟ್ಟಿಯೇ ಕಾರಣ ಎಂದು ತೀರ್ಮಾನವಾಯಿತು.

ಪುಟ್ಟಿ ಹಾಸ್ಟೆಲಿಗೆ ಹೋದ ತಿಂಗಳೇ ಡಾಕ್ಟ್ರಮ್ಮ ಔಷಧಿ ಅಂಗಡಿಗೆ ಸೇರಿದಳು. ಮುಂದಿನ ಪರೀಕ್ಷೆಯವರೆಗೆ ಮಾತ್ರ ಎಂದು ಕರಾರು. ಮುಂದಿನ ಪರೀಕ್ಷೆ ಮೂರು ಸಲ ಬಂದು ಹೋಯಿತು.

ಅಂಗಡಿಯ ಒಡತಿ ಐವತ್ತೈದರ ಆಸುಪಾಸಿನ ಫಾರ್ಮಸಿಸ್ಟ್. ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರು ಮಾತನ್ನೂ ಔಷಧಿಯ ಹಾಗೆ ಅಳತೆ ಮಾಡಿ, ಊಟಕ್ಕೆ ಮುಂಚೆ ಸ್ವಲ್ಪ, ಊಟದ ನಂತರ ಸ್ವಲ್ಪ ಕೊಡುವವರು. ಅವರ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಡಾಕ್ಟರು ಬರೆದ ಚೀಟಿ ಬಂದರೆ ಮೇಡಂ ಮೊದಲು ಓದಿ, ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂದು ಒಂದು ಚೂರು ಕಾಗದದಲ್ಲಿ ಪೆನ್ಸಿಲಿನಿಂದ ಬರೆದು ಬೋರಲು ಹಾಕಿಡುತ್ತಿದ್ದರು. ಆಮೇಲೆ ಸಹಾಯಕಿ ಅದನ್ನು ನೋಡದೆ ತಾನೂ ಓದಿ ಬರೆಯಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ತಾಳೆಯಾದರೆ ಮಾತ್ರ ಕಪಾಟಿನ ಬಾಗಿಲು ತೆರೆಯುವುದು. ಯಾರಿಗೇ ಆಗಲಿ ಅನುಮಾನ ಬಂದರೆ, ಗಿರಾಕಿ ಅಂಗಡಿಯ ಮೆಟ್ಟಿಲು ಇಳಿಯುವ ಮೊದಲು ಬಾಯಿ ಬಿಡಬೇಕು. ತಪ್ಪು ಅನುಮಾನಕ್ಕೆ ಬೈಗುಳವಿಲ್ಲ. ನುಂಗಿಕೊಂಡ ಅನುಮಾನಕ್ಕೆ ಕೆಲಸವಿಲ್ಲ.

ಹಿಂದಿದ್ದ ಸಹಾಯಕರೆಲ್ಲ ಚೀಟಿಯನ್ನು ಅರ್ಥ ಮಾಡಿಕೊಳ್ಳಲು ಓದುತ್ತಿದ್ದರು. ಡಾಕ್ಟ್ರಮ್ಮ ಓದುತ್ತಿದ್ದುದು ತಪ್ಪು ಹಿಡಿಯಲು. ತನಗೆ ಸಿಗದ ಸೀಟಿನಲ್ಲಿ ಕೂತು, ತನಗೆ ಸಿಗದ ಕೋಟು ಹಾಕಿಕೊಂಡು ಬರೆದವನು ಒಂದಾದರೂ ತಪ್ಪು ಮಾಡಿರಲೇಬೇಕು ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದುತ್ತಿದ್ದಳು. ಇಂಥ ಓದುಗರ ಕೈಗೆ ಸಿಕ್ಕರೆ ಯಾವ ಬರಹಗಾರ ತಾನೇ ಉಳಿದಾನು. ಒಂದೇ ಔಷಧಿಯನ್ನು ಎರಡು ಕಂಪನಿಯ ಹೆಸರಿನಲ್ಲಿ ಎರಡು ಸಾಲು ಬರೆದವರು, ವಾರಕ್ಕೊಂದು ಮಾತ್ರೆಯನ್ನು ದಿನಕ್ಕೊಂದು ಮಾಡಿದವರು, ಮಗುವಿನ ಸಿರಪ್ಪಿಗೆ ಅಜ್ಜನ ಅಳತೆ ಹಾಕಿದವರು, ಎಲ್ಲರೂ ಸಿಕ್ಕಿಬಿದ್ದರು. ಆಗ ಅವಳು ಫೋನೆತ್ತಿ, ಸಕ್ಕರೆ ಪಾಕದಂಥ ದನಿಯಲ್ಲಿ, "ನಮಸ್ಕಾರ ಡಾಕ್ಟ್ರೇ, ಒಂದು ಸಣ್ಣ ಅನುಮಾನ" ಎನ್ನುತ್ತಿದ್ದಳು. ಆ ಬೀದಿಯ ಡಾಕ್ಟರುಗಳಿಗೆ ಈ ಮಾತು ಕೇಳಿದರೆ ಬೆನ್ನು ತಣ್ಣಗಾಗುತ್ತಿತ್ತು. ತಮ್ಮತಮ್ಮೊಳಗೆ ಅವಳಿಗೆ "ಸಣ್ಣ ಅನುಮಾನ" ಎಂದೇ ಹೆಸರಿಟ್ಟಿದ್ದರು.

ಒಂದು ದಿನ ಮೇಡಂ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು, "ಫಾರ್ಮಸಿ ಕಾಲೇಜಿಗೆ ಅರ್ಜಿ ಹಾಕು."

"ನಾನು ಮೆಡಿಕಲ್ ನೋಡ್ತಿದೀನಿ ಮೇಡಂ."

"ಐದು ವರ್ಷದಿಂದ ನೋಡ್ತಿದೀಯ. ಅದು ಒಂದು ಸಲನಾದ್ರೂ ನಿನ್ನ ಕಡೆ ನೋಡ್ತಾ?"

ಈ ಮಾತಿಗೆ ಅವಳು ಸಂಜೆಯವರೆಗೆ ಮುಖ ಊದಿಸಿಕೊಂಡಿದ್ದು, ಮರುದಿನ ಅರ್ಜಿ ತಂದಳು. ಅದರಲ್ಲಿ ಅರ್ಧ ಪುಟ ಖಾಲಿ ಬಿಟ್ಟು, ನೀವು ಫಾರ್ಮಸಿಯನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದ್ದರು. ಅವಳು ಎರಡು ದಿನ ಪೆನ್ನು ಕಚ್ಚಿ ಬರೆದದ್ದನ್ನು ಮೇಡಂ ಓದಿದರು.

"ಸೇವೆ ಅನ್ನೋದು ಏಳು ಸಲ ಇದೆ" ಎಂದರು. "ಇಷ್ಟು ಡೋಸು ಓದೋರಿಗೆ ಆಗಿಬರಲ್ಲ. ನೀನು ದಿನಾ ಇಲ್ಲಿ ಏನು ಮಾಡ್ತೀಯೋ ಅದನ್ನ ಬರಿ."

"ಡಾಕ್ಟರುಗಳ ತಪ್ಪು ಹುಡುಕ್ತೀನಿ ಅಂತ ಬರೀಲಾ?"

"ಅದನ್ನೇ ಸ್ವಲ್ಪ ನಾಚಿಕೆಯಿಂದ ಬರಿ."

ಬರೆದಳು. ಸೀಟು ಕೊಡುತ್ತೇವೆ ಎಂದು ಕಾಗದ ಬಂತು. ಇದೇ ಹೊತ್ತಿಗೆ ಇನ್ನೊಂದು ವಿಚಿತ್ರ ನಡೆಯಿತು. ಆರನೇ ದಂಡಯಾತ್ರೆಯ ಫಲಿತಾಂಶದಲ್ಲಿ, ಮೊಟ್ಟಮೊದಲ ಬಾರಿಗೆ, ಅವಳ ಹೆಸರು ಮೆಡಿಕಲ್ಲಿನ ಕಾಯುವ ಪಟ್ಟಿಗೆ ಏರಿತು. ಮೊದಲು ಬಲು ಕೆಳಗೆ ಇತ್ತು. ಹಂಚಿಕೆಯ ಒಂದೊಂದು ಸುತ್ತಿಗೂ ಸೀಟು ಸಿಕ್ಕವರು, ಬೇಡವೆಂದವರು ಕಳಚಿಕೊಳ್ಳುತ್ತ, ಕೊನೆಯ ಸುತ್ತು ಬಾಕಿ ಇರುವಾಗ ಅವಳ ಮುಂದೆ ಒಂಬತ್ತೇ ಜನ ಉಳಿದರು. ಆ ಒಂಬತ್ತು ಜನವೂ ಬೇರೆ ಬೇರೆ ದೇಶಗಳಲ್ಲಿ ಒಳ್ಳೊಳ್ಳೆ ಕಡೆ ಮದುವೆಯಾಗಿ ಹೋಗಲಿ ಎಂದು ಅವಳು ಹಗಲಿರುಳು ಹಾರೈಸಿದಳು.

ಇಕ್ಕಟ್ಟು ಏನೆಂದರೆ, ಕೊನೆಯ ಸುತ್ತು ಗುರುವಾರ. ಫಾರ್ಮಸಿ ಕಾಲೇಜು ಮಾತ್ರ ಅಸಲು ಅಂಕಪಟ್ಟಿಯನ್ನು ಸೋಮವಾರ ಮಧ್ಯಾಹ್ನದೊಳಗೆ ತಂದೊಪ್ಪಿಸಬೇಕು, ಒಮ್ಮೆ ಒಪ್ಪಿಸಿದರೆ ಆ ವರ್ಷ ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ ಎಂದಿತ್ತು. ಮೆಡಿಕಲ್ಲಿನವರಿಗೂ ಅಸಲೇ ಬೇಕು. ಅಸಲು ಇದ್ದದ್ದು ಒಂದೇ. ಅಮ್ಮ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀರುವಿನ ಸೀರೆಗಳ ಅಡಿ ಇಟ್ಟಿದ್ದಳು. ಡಾಕ್ಟ್ರಮ್ಮ ದಿನಕ್ಕೆ ಎರಡು ಸಲ ಸೀರೆ ಎತ್ತಿ ನೋಡಿ ಮತ್ತೆ ಮುಚ್ಚುತ್ತಿದ್ದಳು.

ಸೋಮವಾರಕ್ಕೆ ಮುಂಚಿನ ಶನಿವಾರ ಪುಟ್ಟಿ ಮನೆಗೆ ಬಂದಳು. ಮೂರನೇ ವರ್ಷ ಮುಗಿಯುತ್ತ ಬಂದಿತ್ತು. ಮಾತುಮಾತಿಗೆ "ನಮ್ಮ ವಾರ್ಡಲ್ಲಿ" ಎನ್ನುತ್ತಿದ್ದಳು. ವಾರ್ಡನ್ನು ಅಪ್ಪನೇ ಕೊಡಿಸಿದ ಹಾಗೆ. ನಾಲ್ಕು ಗಂಟೆಗೆ ದೊಡ್ಡತ್ತೆ ಬಂದಳು. ಅಪ್ಪನ ಅಕ್ಕ. ಹಿಂದಿನ ಬೀದಿಯ ಮೂರನೇ ಮಹಡಿಯಲ್ಲಿ ಒಂಟಿಯಾಗಿ ಇರುವವಳು. ಹೃದಯದ ಕವಾಟದ ಆಪರೇಷನ್ ಆದ ಮೇಲೆ ರಕ್ತ ತೆಳು ಮಾಡುವ ಮಾತ್ರೆ ದಿನವೂ ನುಂಗುತ್ತಾಳೆ. ಆ ಮಾತ್ರೆ ತಿಂಗಳು ತಿಂಗಳು ಡಾಕ್ಟ್ರಮ್ಮನ ಕೈಯಿಂದಲೇ ಹೋಗುತ್ತಿತ್ತು. ಆದರೆ ಅವತ್ತು ಅತ್ತೆ ಕೂತದ್ದು ಪುಟ್ಟಿಯ ಪಕ್ಕ.

"ಮೊಣಕಾಲು ಸಿಕ್ಕಾಪಟ್ಟೆ ನೋವು ಕಣೇ ಡಾಕ್ಟ್ರೇ" ಎಂದಳು ಅತ್ತೆ. ಡಾಕ್ಟ್ರಮ್ಮ ತನಗೇ ಹೇಳಿದ್ದು ಎಂದು ತಲೆಯೆತ್ತಿದರೆ, ಅತ್ತೆಯ ಮುಖ ಪುಟ್ಟಿಯ ಕಡೆಗಿತ್ತು. ಹದಿನೇಳು ವರ್ಷ ಕಾಪಾಡಿಕೊಂಡು ಬಂದ ಬಿರುದು ಒಂದು ಮೊಣಕಾಲಿಗೆ ಹೋಯಿತು.

ಪುಟ್ಟಿ ಮೊಣಕಾಲು ಒತ್ತಿ ನೋಡಿ, ಬ್ಯಾಗಿನಿಂದ ಒಂದು ಪಟ್ಟಿ ಮಾತ್ರೆ ತೆಗೆದಳು. ತನ್ನ ಕಾಲು ಉಳುಕಿದಾಗ ತಂದದ್ದಂತೆ. "ಊಟ ಆದ್ಮೇಲೆ ಒಂದು ತಗೋ ಅತ್ತೆ. ಬೆಳಿಗ್ಗೆ ಒಂದು. ನಾಳೆ ಓಡಾಡ್ತೀಯ."

ಡಾಕ್ಟ್ರಮ್ಮ ಬಾಗಿಲ ಪಕ್ಕದಿಂದಲೇ ಪಟ್ಟಿಯ ಬಣ್ಣ ನೋಡಿದಳು. ಅಷ್ಟು ಸಾಕಾಗಿತ್ತು. ಆ ನೋವಿನ ಮಾತ್ರೆಯೂ ಅತ್ತೆಯ ರಕ್ತದ ಮಾತ್ರೆಯೂ ಒಂದೇ ಹೊಟ್ಟೆಗೆ ಇಳಿಯಬಾರದು. ಇಳಿದರೆ ಒಳಗೊಳಗೇ ರಕ್ತ ಸೋರುವ ಭಯ.

ಅವಳ ಎದೆಯಲ್ಲಿ ನಗಾರಿ ಮೊಳಗಿತು. ಮೂರು ವರ್ಷ. ಮೂರು ವರ್ಷ ಊರಿನ ಡಾಕ್ಟರುಗಳ ಚೀಟಿಯನ್ನೆಲ್ಲ ಜಾಲಿಸಿದ್ದು ಈ ಒಂದು ಗಳಿಗೆಗಾಗಿ. ಪುಟ್ಟಿ ತಪ್ಪಿದ್ದಳು. ಕೋಟೆ ಗೆದ್ದವಳು ಬಾಗಿಲಲ್ಲೇ ಎಡವಿದ್ದಳು. ನಾಲಿಗೆಯ ತುದಿಗೆ ಮಾತು ಬಂತು. ಆಮೇಲೆ ಅವಳು ಸುತ್ತ ನೋಡಿದಳು. ಅಪ್ಪ ಅಂಗಡಿಯಲ್ಲಿ, ಅಮ್ಮ ಒಳಗೆ. ಇಷ್ಟು ದೊಡ್ಡ ವಿಜಯಕ್ಕೆ ನೋಡುವವರೇ ಇಲ್ಲ. ಏಳು ಗಂಟೆಗೆ ಚಿಕ್ಕಪ್ಪನ ಮನೆಯವರು ಪುಟ್ಟಿಯನ್ನು ನೋಡಲು ಬರುವವರಿದ್ದರು. ಅತ್ತೆ ಊಟ ಮಾಡುವುದು ಎಂಟಕ್ಕೆ. ಏಳೂ ಕಾಲಿಗೆ, ಎಲ್ಲರ ಕೈಗೂ ಟೀ ಲೋಟ ಬಂದ ಮೇಲೆ, "ಪುಟ್ಟಿ, ಒಂದು ಸಣ್ಣ ಅನುಮಾನ" ಎಂದು ಶುರು ಮಾಡಿದರೆ ಹೇಗಿರುತ್ತದೆ. ಆಮೇಲೆ ಇಡೀ ಸಂಸಾರವೇ ದಿಬ್ಬಣದ ಹಾಗೆ ಅತ್ತೆಯ ಮನೆಗೆ ಹೋಗಿ ಮಾತ್ರೆ ವಾಪಸು ತರಬಹುದು. ಮೂರು ಗಂಟೆ ಸುಮ್ಮನಿದ್ದರೆ ಯಾರ ಗಂಟು ಏನು ಹೋಗುತ್ತದೆ.

ಅವಳು ಬಾಯಿ ಮುಚ್ಚಿಕೊಂಡಳು. ಅತ್ತೆ ಪಟ್ಟಿಯನ್ನು ಪರ್ಸಿಗೆ ಹಾಕಿಕೊಂಡು, ಪುಟ್ಟಿಯ ಗಲ್ಲ ಹಿಂಡಿ ಹೊರಟಳು. ಡಾಕ್ಟ್ರಮ್ಮ ಬಾಗಿಲವರೆಗೆ ಹೋಗಿ ಚಪ್ಪಲಿ ಜೋಡಿಸಿ ಕೊಟ್ಟಳು. ಅಷ್ಟು ಮರ್ಯಾದೆ ಅವಳಿಂದ ಅತ್ತೆಗೆ ಎಂದೂ ಸಿಕ್ಕಿರಲಿಲ್ಲ.

ಎರಡು ಗಂಟೆ ಅವಳು ಮಹಾರಾಣಿಯ ಹಾಗೆ ಮನೆಯೊಳಗೆ ಓಡಾಡಿದಳು. ಪುಟ್ಟಿಗೆ ತಾನೇ ಟೀ ಮಾಡಿ ಕೊಟ್ಟಳು. ಏಳೂಕಾಲಿಗೆ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಮೂರು ರೀತಿ ಹೊಲಿದು ನೋಡಿ, ಹೆಚ್ಚು ವಿನಯವಿದ್ದದ್ದನ್ನು ಆರಿಸಿಟ್ಟುಕೊಂಡಳು. ವಿನಯವಿದ್ದರೆ ಚುಚ್ಚುವುದು ಜಾಸ್ತಿ.

ಆರು ಗಂಟೆಗೆ ಅಮ್ಮ ಬಟ್ಟೆ ಮಡಚುತ್ತ ಹೇಳಿದಳು, "ಅತ್ತೆ ಫೋನ್ ಮಾಡಿದ್ರು. ನೋವು ತಡ್ಕೊಳಕ್ಕಾಗ್ತಿಲ್ವಂತೆ. ಬೇಗ ಊಟ ಮಾಡಿ ಪುಟ್ಟಿ ಕೊಟ್ಟ ಮಾತ್ರೆ ತಗೊಂಡು ಮಲಗ್ತೀನಿ ಅಂದ್ರು."

ಡಾಕ್ಟ್ರಮ್ಮ ತಿರುಗಿ ಫೋನ್ ಮಾಡಿದರೆ ಅತ್ತೆ ಎತ್ತಲಿಲ್ಲ. ಯಾವ ಮಹಾರಾಣಿಯೂ ಅಷ್ಟು ಬೇಗ ಸಿಂಹಾಸನ ಇಳಿದಿರಲಾರಳು. ಒಂದು ಕಾಲಿಗೆ ಅಪ್ಪನ ಚಪ್ಪಲಿ, ಇನ್ನೊಂದಕ್ಕೆ ಅಮ್ಮನದು ಸಿಕ್ಕಿಸಿಕೊಂಡು ಓಡಿದಳು. ಬೀದಿಯ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಬೈದ. ಮೂರು ಮಹಡಿ ಹತ್ತುವಷ್ಟರಲ್ಲಿ ಅಪ್ಪನ ಚಪ್ಪಲಿ ಒಂದನೇ ಮಹಡಿಯಲ್ಲೇ ಉಳಿಯಿತು.

ಅತ್ತೆ ನೀರಿನ ಲೋಟ ಕೆಳಗಿಡುತ್ತಿದ್ದಳು.

"ತಗೊಂಡ್ಯಾ?"

"ಈಗ ತಾನೇ. ಏನಾಯ್ತೇ, ಹೀಗೆ ಏದುಸಿರು ಬಿಡ್ತಿದೀಯ?"

"ಆ ಮಾತ್ರೆ ನೀನು ತಗೋಬಾರದು ಅತ್ತೆ. ನಿನ್ನ ರಕ್ತದ ಮಾತ್ರೆ ಜೊತೆ ಆಗಲ್ಲ."

"ಅಯ್ಯೋ, ಡಾಕ್ಟ್ರು ಕೊಟ್ಟಿದ್ದಲ್ವೇನೇ?"

"ಅವಳು ಇನ್ನೂ ಡಾಕ್ಟ್ರಲ್ಲ" ಎಂದಳು ಡಾಕ್ಟ್ರಮ್ಮ. ಅಂಥ ಹೊತ್ತಿನಲ್ಲೂ ಆ ಒಂದು ಮಾತಿಗೆ ಉಸಿರು ಮಿಕ್ಕಿತ್ತು.

ಮೇಡಂಗೆ ಫೋನ್ ಮಾಡಿದಳು. ಮೇಡಂ ಅತ್ತೆಯ ಹೃದಯದ ಡಾಕ್ಟರಿಗೆ ಮಾಡಿದರು. ಹತ್ತು ನಿಮಿಷದಲ್ಲಿ ಉತ್ತರ ಬಂತು. ಒಂದೇ ಮಾತ್ರೆ ಅಲ್ವಾ, ಗಾಬರಿ ಬೇಡ, ಎರಡನೆಯದು ಖಂಡಿತ ಬೇಡ, ಎಲ್ಲಾದರೂ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ, ಕಾಣದಿದ್ದರೂ ಬೆಳಿಗ್ಗೆ ಬಂದು ರಕ್ತಪರೀಕ್ಷೆ ಮಾಡಿಸಬೇಕು. ಡಾಕ್ಟ್ರಮ್ಮ ಉಳಿದ ಮಾತ್ರೆ ಕಿತ್ತುಕೊಂಡು, ಫೋನಿನಲ್ಲಿ ವಿಷಯ ಹೇಳಿ ಅಮ್ಮನನ್ನು ಕರೆಸಿ, ಅತ್ತೆಯ ಜೊತೆ ಮಲಗಲು ಬಿಟ್ಟು ಮನೆಗೆ ಬಂದಳು.

ಚಿಕ್ಕಪ್ಪನ ಮನೆಯವರು ಇನ್ನೂ ಬಂದಿರಲಿಲ್ಲ. ಪುಟ್ಟಿ ಮಂಚದ ಮೇಲೆ ಮುದುರಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ಕೇಳಬೇಕಿತ್ತು ನಾನು, ಬೇರೆ ಏನು ತಗೋತೀಯ ಅಂತ" ಎಂದಳು. "ಮೊದಲನೇ ದಿನಾನೇ ಹೇಳ್ಕೊಡ್ತಾರೆ ಅದನ್ನ." ಆಮೇಲೆ ಕೇಳಿದಳು, "ಅಕ್ಕ, ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಲು ಬೇಕಾದಷ್ಟು ಜಾಗವಿತ್ತು. ಮೂರು ರೀತಿ ಹೊಲಿಯಬಹುದಿತ್ತು.

"ನೀನು ಬ್ಯಾಗಿಂದ ತೆಗೆದಾಗಲೇ."

ಪುಟ್ಟಿ ಅವಳ ಮುಖವನ್ನೇ ನೋಡಿದಳು. "ಎರಡು ಗಂಟೆ ಸುಮ್ನಿದ್ಯಾ? ಯಾಕೆ?"

"ಚಿಕ್ಕಪ್ಪನೋರು ಬರ್ಲಿ ಅಂತ."

"ಚಿಕ್ಕಪ್ಪನಾ?" ಎಂದಳು ಪುಟ್ಟಿ. "ಅವರಿಗೆ ಎರಡು ಕಿವಿನೂ ಕೇಳಲ್ವಲ್ಲೇ." ನಗು ಬಂದದ್ದು ಅರ್ಧಕ್ಕೇ ನಿಂತಿತು. ಗೋಡೆಯ ಕಡೆ ತಿರುಗಿ ಮಲಗಿದಳು. ಚಿಕ್ಕಪ್ಪನವರು ಬಂದಾಗ ತಲೆನೋವು ಎಂದು ಏಳಲೇ ಇಲ್ಲ. ಬಂದವರಿಗೆ ಟೀ ಕೊಟ್ಟವಳು ಡಾಕ್ಟ್ರಮ್ಮ. ಟೀ ಚೆನ್ನಾಗಿಲ್ಲ ಎಂದು ಚಿಕ್ಕಮ್ಮ ಲೋಟ ಹಾಗೇ ಇಟ್ಟಳು.

ಭಾನುವಾರ ಅತ್ತೆಯ ರಕ್ತ ಪರೀಕ್ಷೆಯಾಯಿತು. ಎಲ್ಲ ಸರಿಯಾಗಿತ್ತು. ಮೊಣಕಾಲು ಮಾತ್ರ ಮೊದಲಿನಷ್ಟೇ ನೋಯುತ್ತಿತ್ತು, ಅದನ್ನು ಅತ್ತೆ ಇಬ್ಬರೂ ಡಾಕ್ಟರುಗಳ ಲೆಕ್ಕಕ್ಕೆ ಬರೆದಳು.

ಸೋಮವಾರ ಬೆಳಿಗ್ಗೆ ಡಾಕ್ಟ್ರಮ್ಮ ಅಂಗಡಿಗೆ ಹೋಗಿ, ಮೇಡಂ ಇನ್ನೂ ಕೈಚೀಲ ಇಡುವ ಮೊದಲೇ ಎಲ್ಲ ಹೇಳಿದಳು. ಕೆಲಸ ಹೋಗುತ್ತದೆ ಎಂದೇ ಅವಳ ಎಣಿಕೆ. ಮೇಡಂ ಕೇಳಿ ಮುಗಿಸಿ, ಕೌಂಟರಿನ ಗಾಜು ಒರೆಸತೊಡಗಿದರು.

"ಇಲ್ಲಿ ಯಾವತ್ತಾದ್ರೂ ಹಾಗೆ ಕಾದಿದ್ಯಾ? ಕೌಂಟರ್ ಹಿಂದೆ?"

ಅವಳು ಯೋಚಿಸಿದಳು. ಎಷ್ಟು ಚೀಟಿ, ಎಷ್ಟು ಅನುಮಾನ. ಅಂಗಡಿ ತುಂಬಿದ್ದಾಗಲೂ ಬಾಯಿ ಬಿಟ್ಟಿದ್ದಳು, ಒಂದು ನರಪಿಳ್ಳೆ ಇಲ್ಲದಾಗಲೂ ಬಿಟ್ಟಿದ್ದಳು. "ಇಲ್ಲ ಮೇಡಂ."

"ಮತ್ತೆ ಮನೇಲಿ ಯಾಕೆ ಕಾದೆ?"

"ಅಲ್ಲಿ ನಾನು ಡಾಕ್ಟ್ರಮ್ಮ."

ಮೇಡಂ ಬಟ್ಟೆ ಹಿಂಡಿ ಒಣಹಾಕಿದರು. "ಇನ್ನೊಂದು ಸಲ ಹಾಗೆ ಮಾಡಿದರೆ ನನ್ನ ಅಂಗಡಿಗೆ ಬರಬೇಡ. ಈಗ ಹೋಗು, ಮಧ್ಯಾಹ್ನದ ತನಕ ರಜಾ. ಯಾವ ಕಡೆಗೆ ಹೋಗ್ತೀಯೋ ನಿನಗೆ ಬಿಟ್ಟಿದ್ದು."

ಫಾರ್ಮಸಿ ಕಾಲೇಜಿನ ಕಚೇರಿಯಲ್ಲಿ ಒಂದು ಫ್ಯಾನು, ಒಂದು ಕಿಟಕಿ, ಕಿಟಕಿಯ ಹಿಂದೆ ಒಬ್ಬ ಗುಮಾಸ್ತ. ಅವಳ ಸರದಿ ಬಂದಾಗ ಹನ್ನೊಂದೂ ಮುಕ್ಕಾಲು. ಪ್ಲಾಸ್ಟಿಕ್ ಚೀಲದಿಂದ ಅಂಕಪಟ್ಟಿ ತೆಗೆದಳು. ಕೊಡಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಎರಡು ಕೈಯಿಂದ ಒತ್ತಿ ಹಿಡಿದಳು.

"ಕೊಟ್ಟ ಮೇಲೆ ವಾಪಸ್ ಇಲ್ಲ, ಗೊತ್ತಲ್ಲಮ್ಮ" ಎಂದ ಗುಮಾಸ್ತ. "ಬೇರೆ ಯಾವುದಾದ್ರೂ ಪಟ್ಟಿಯಲ್ಲಿ ಇದ್ದೀರಾ?"

"ಮೆಡಿಕಲ್. ಮುಂದೆ ಒಂಬತ್ತು ಜನ ಇದ್ದಾರೆ."

"ಹತ್ತಿರ ಬಂದಿದೀರಿ ಹಾಗಾದ್ರೆ. ಬೆಳಿಗ್ಗೆಯಿಂದ ಹೀಗೇ ಮೂರು ಜನ ಇಲ್ಲೇ ನಿಂತು ಅತ್ತು ವಾಪಸ್ ಹೋದರು. ಅಳೋದಾದ್ರೆ ಆ ಬೆಂಚ್ ಇದೆ. ಹಿಂದಿನವರಿಗೆ ದಾರಿ ಬಿಡಿ."

ಅವಳು ಅಳಲಿಲ್ಲ. ಬಿಳಿ ಕೋಟು ಹಾಕಿಕೊಂಡು ವಾರ್ಡಿನಲ್ಲಿ ನಡೆಯುವ ತನ್ನನ್ನು ಕಣ್ಣ ಮುಂದೆ ತಂದುಕೊಂಡಳು. ಸಾವಿರ ಸಲ ನೋಡಿದ ಚಿತ್ರ. ಈ ಸಲ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ವಾರ್ಡಿನಲ್ಲಿ ರೋಗಿಗಳೇ ಇರಲಿಲ್ಲ. ಹಾಸಿಗೆಗಳ ಮೇಲೆಲ್ಲ ನೆಂಟರು ಕೂತು ಅವಳನ್ನು ನೋಡುತ್ತಿದ್ದರು. ಅಂಗಡಿಯ ಕೌಂಟರನ್ನು ನೆನೆಸಿಕೊಂಡರೆ ಮಾತ್ರ ಚೀಟಿ ಹಿಡಿದ ಜನ ಕಾಣುತ್ತಿದ್ದರು, ಅವರ ಕೈಯೂ, ಅವರ ಕೆಮ್ಮೂ.

ಅಂಕಪಟ್ಟಿಯ ಮೇಲಿಂದ ಕೈ ತೆಗೆದಳು. ಗುಮಾಸ್ತ ಅದನ್ನು ಎಳೆದುಕೊಂಡು, ಸೀಲು ಒತ್ತಿ, ಒಂದು ರಟ್ಟಿನ ಫೈಲಿಗೆ ಸೇರಿಸಿ ದಾರ ಬಿಗಿದ. ಆ ಫೈಲಿನ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.

ಗುರುವಾರ ಸಂಜೆ ಅಂಗಡಿಯ ಫೋನು ಬಡಿದುಕೊಂಡಿತು. ಪುಟ್ಟಿ. ಶನಿವಾರದ ನಂತರ ಮೊದಲ ಸಲ ಮಾಡಿದ್ದಳು.

"ಅಕ್ಕ, ಕೊನೇ ಸುತ್ತು ಮುಗೀತು" ಎಂದಳು. ದನಿ ಒಡೆದಿತ್ತು. "ಹತ್ತು ಸೀಟು ಇತ್ತು. ಹತ್ತನೇದು ನಿಂದೇ. ನೀನಿಲ್ಲ ಅಂತ ನಿನ್ನ ಹಿಂದಿದ್ದವರಿಗೆ ಕೊಟ್ಟರಂತೆ."

ಡಾಕ್ಟ್ರಮ್ಮ ಕೌಂಟರಿನ ಸ್ಟೂಲಿನ ಮೇಲೆ ಕೂತಳು. ಮೇಡಂ ಚೀಟಿಯಿಂದ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು. ಎದುರಿಗೆ ನಿಂತ ಗಿರಾಕಿ ಜೇಬು ತಡಕಿಕೊಳ್ಳುತ್ತಿದ್ದ. ಮಗುವೊಂದು ತೂಕದ ಯಂತ್ರ ಹತ್ತಿ ಇಳಿದು ಮಾಡುತ್ತಿತ್ತು.

"ಅಕ್ಕ, ಇದೀಯಾ? ಅಳ್ತಿದೀಯಾ?"

"ಇಲ್ಲ" ಎಂದಳು ಅವಳು. ಸ್ವಲ್ಪ ಅಳುತ್ತಿದ್ದಳು. "ಅದು ಯಾರು, ನನ್ನ ಹಿಂದಿದ್ದವರು? ಹೆಸರು ಗೊತ್ತಾ?"

"ಹೆಸರು ಯಾಕೆ ನಿಂಗೆ?"

"ಏನಿಲ್ಲ. ಇನ್ನು ಆರೇಳು ವರ್ಷ ಬಿಟ್ಟು ಅವರು ಬರೆದ ಚೀಟಿ ನನ್ನ ಮುಂದೆ ಬಂದೇ ಬರುತ್ತೆ" ಎಂದು ಡಾಕ್ಟ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಪೆನ್ಸಿಲು ಹುಡುಕಿದಳು. "ಈಗಲೇ ಬರೆದಿಟ್ಕೊಂಡಿದ್ರೆ ಒಳ್ಳೇದು."